ಶೇಖಮ್ಮನ ಜೊತೆ ಬಂದವರು

ರಾಯಚೂರು, ೧೭-೧೧-೧೯೮೨, ಬುಧವಾರ

ಆ ಹೆಂಗಸರ ನಾಯಕಿ ಯಾರು? ಬೆಳಗಿನಿಂದ ಇದೇ ತಲೆ ಕೊರೆಯುತ್ತಿತ್ತು.

ಮಾನ್ವಿ ಕಡೆಯ ಹತ್ತಿ ಮಿಲ್ಲಿನ ಶೇಖಮ್ಮ ಗರ್ಭ ತೆಗೆಸಿಕೊಳ್ಳಲು ಬಂದಿದ್ದಳು. ಗಂಡನ ಸಹಿ ಇಲ್ಲದೆ ಆಗುವುದಿಲ್ಲ ಎಂದರು ಡಾಕ್ಟರು. ಕಾನೂನಿಗೆ ಅವಳ ಒಪ್ಪಿಗೆಯೇ ಸಾಕು. ಅದು ಅವರಿಗೂ ಗೊತ್ತು, ನರ್ಸ್ ಆದ ನನಗೂ ಗೊತ್ತು. ಆದರೂ ಟ್ರೇ ಎತ್ತಿಕೊಂಡು ನನ್ನ ಕೆಲಸಕ್ಕೆ ಹೋದೆ.

ಮಿಲ್ಲಿನ ಹೆಂಗಸರೆಲ್ಲ ಕೆಲಸ ಬಿಟ್ಟು ಅವಳ ಜೊತೆ ಬಂದು ವರಾಂಡದಲ್ಲಿ ಕೂತಿದ್ದರು. ಕೂದಲಲ್ಲಿ ಹತ್ತಿಯ ಎಳೆ ಹಾಗೇ ಇತ್ತು.

"ನಿಮ್ಮ ಲೀಡರ್ ಯಾರು? ಒಳಗ ಕಳಸ್ರಿ" ಎಂದರು ಡಾಕ್ಟರು.

ಖಾಸಿಂ ಬೀ ಎಂಬಾಕೆ ಎದ್ದು ಬಂದಳು. "ಆಕಿ ಹೊಟ್ಟಿ ಆಕಿದ್ರೀ. ಸಹಿನೂ ಆಕಿನ ಮಾಡ್ತಾಳ."

ಗದರಿಸಿ ಕಳಿಸಿದರು. ದುರುಗಮ್ಮ ಬಂದಳು, ಅದೇ ಮಾತು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಯಾರನ್ನು ಹೆದರಿಸಬೇಕೆಂದೇ ಡಾಕ್ಟರಿಗೆ ತಿಳಿಯಲಿಲ್ಲ. ಕೊನೆಗೆ ಸೋತು, ಥಿಯೇಟರ್ ರೆಡಿ ಮಾಡು ಎಂದರು.

ಸಂಜೆ ಶೇಖಮ್ಮ ಮಲಗಿದ್ದಾಗ ದುರುಗಮ್ಮನನ್ನು ಕೇಳಿದೆ, "ಹಿಂಗ ಮಾಡ್ರಿ ಅಂತ ಯಾರ್ ಹೇಳಿದ್ರವ್ವಾ?"

"ಯಾರ್ ಹೇಳ್ಬೇಕ್ರೀ ಸಿಸ್ಟರ್? ಒಬ್ಬಾಕಿನ್ನ ಮುಂದ ಮಾಡಿದ್ರ ಮಾಲಕ ಆಕಿನ್ನ ಕೆಲಸದಿಂದ ತೆಗಿತಾನ. ಹ್ವಾದ ವರ್ಷ ಗೋಪಮ್ಮನ್ನ ತೆಗದ. ಅದಕ್ಕ ಈಗ ಎಲ್ಲಾರೂ ಮುಂದ."

ನಾಯಕರಿಲ್ಲದ ಸಂಘ! ತಮ್ಮತಮ್ಮಲ್ಲೇ ಜಗಳ ಬಂದರೆ ತೀರ್ಮಾನ ಯಾರದು? ಕೇಳುವುದು ಮರೆತೆ.

ನಾವು ನರ್ಸುಗಳು ರಾತ್ರಿ ಡ್ಯೂಟಿಯ ವಿಷಯ ಮೇಟ್ರನ್ ಮಾತಾಡಲಿ ಎಂದು ಎರಡು ವರ್ಷದಿಂದ ಕಾಯುತ್ತಿದ್ದೇವೆ. ನಾಳೆ ನಾನೇ ಡಾಕ್ಟರ ಹತ್ತಿರ ಹೋದರೆ? ಗದರಿಸುತ್ತಾರೆ, ಗದರಿಸಲಿ. ನಾನು ಹೊರಗೆ ಬರುವ ಹೊತ್ತಿಗೆ, ಅದೇ ಮಾತು ಹೇಳಲು, ಬಾಗಿಲಲ್ಲಿ ಮುಂದಿನ ನರ್ಸ್ ಯಾರು ನಿಂತಿರುತ್ತಾರೆ?