ಎರಡನೇ ಸಲದ ಇಲಿ ದರ್ಶನ

ನೋವೈ, ಅಮೆರಿಕ, ಏಪ್ರಿಲ್ ೧೯೭೫

ಅಕ್ಕಾ,

ನನ್ನ ಓರಗಿತ್ತಿ ಕುಮುದ ಈ ವರ್ಷವೂ ಮಕ್ಕಳನ್ನು ಕಟ್ಟಿಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಹೋಗಿಬಂದಳು. ಮನೆಮಂದಿಯೆಲ್ಲ ಇಲಿಕಿವಿಯ ಟೋಪಿ ಹಾಕಿಕೊಂಡೇ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. "ಮೊದಲ್ನೇ ಸಲ ಬರೀ ಕ್ಯೂ ನೋಡಿದ್ವಿ. ಸರಿಯಾಗಿ ನೋಡಿದ್ದು ಈ ಸಲಾನೇ," ಎಂದಳು, ನನ್ನ ಸಾರು ಬಡಿಸಿಕೊಳ್ಳುತ್ತಾ.

"ವರ್ಷಾ ವರ್ಷಾ ಹೋಗೋಕೆ ಆ ಇಲಿ ಏನು ತಿಮ್ಮಪ್ಪನೇ?" ಎಂದು ನಮ್ಮ ಯಜಮಾನರು ನಕ್ಕರು. ನಮಗೆ ಒಂದು ಸಲದ ದರ್ಶನವೂ ಆಗಿಲ್ಲ, ಅದನ್ನು ಮಾತ್ರ ಹೇಳಲಿಲ್ಲ.

ನನ್ನ ಸೊಂಟನೋವು ವಾಸಿಯಾಯಿತು. ಈಗ ಇರುವುದು ಹೊಟ್ಟೆಯುರಿ.

ನಾನು ಬೆನ್ನಿಗೆ ಬರೆಯುತ್ತಿರುವ ಈ ಚಿತ್ರದ ಕಾರ್ಡು ಅವಳೇ ಕೊಟ್ಟದ್ದು. ಅಕ್ಕಪಕ್ಕದವರಿಗೆ ಚಿತ್ರ ತೋರಿಸಿ, ನಾವೂ ಎರಡು ಸಲ ಹೋಗಿದ್ದೇವೆ ಎನ್ನು. ಕಾರ್ಡನ್ನು ಮಾತ್ರ ಯಾರ ಕೈಗೂ ಕೊಡಬೇಡ.

ಅವಸರದಲ್ಲಿ,
ಪದ್ಮಜಾ