ಲೆಕ್ಕಕ್ಕೆ ಸಿಗದ ಒಂದು ಮೊಳ ಪೈಪು

ಮನೆಯ ಶೆಡ್ಡಿನಿಂದ,
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಸೊಂಟನೋವು ಕಡಿಮೆಯಾಯಿತಾ? ಪುಟ್ಟಿಯ ಕೆಮ್ಮು? ನಿನ್ನ ಹೋದ ವಾರದ ಕಾಗದವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಇಲ್ಲಿಂದ ಒಯ್ದ ಹುಲ್ಲಿನ ಟ್ರ್ಯಾಕ್ಟರಿನಲ್ಲಿ ಶಾಲೆಯ ಮೈದಾನದ ಹುಲ್ಲು ಕತ್ತರಿಸುವಾಗ ಪುಟ್ಟಿ ನಿನ್ನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿಯುತ್ತಾಳೆ ಎಂದು ಬರೆದಿದ್ದೆಯಲ್ಲ, ಅದನ್ನು ಮಾತ್ರ ಮೂರನೇ ಸಲವೂ ಓದಿಸಿದರು. ಮೈಯೆಲ್ಲ ಪೆಟ್ರೋಲು ನಾರುತ್ತದೆಂದು ಅತ್ತಿಗೆ ನಿನ್ನನ್ನು ಬಾಗಿಲಲ್ಲೇ ತಡೆಯುತ್ತಾರೆ ಎಂಬಲ್ಲಿ ನಾವಿಬ್ಬರೂ ಚೆನ್ನಾಗಿ ನಕ್ಕೆವು.

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಬೆಳಿಗ್ಗೆ ಅಪ್ಪ ಅರ್ಧ ತೋಟದ ಹುಲ್ಲು ಕತ್ತರಿಸಿ, ಇಲ್ಲಿ ಉಳಿದಿರುವ ನಮ್ಮ ಇನ್ನೊಂದು ಪುಟಾಣಿ ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದು ನಿಲ್ಲಿಸಿದ್ದರು. ನಾನು ಕಾಫಿ ಹಿಡಿದು ಒಳಗೆ ಕಾಲಿಟ್ಟೆ, ಗಪ್ಪನೆ ಪೆಟ್ರೋಲಿನ ವಾಸನೆ ಬಡಿಯಿತು. ಅಪ್ಪ ಎಂಜಿನ್ನಿನ ಪಕ್ಕದಲ್ಲೇ ನಿಂತು ಬಾಯಲ್ಲಿ ಸಿಗರೇಟು ಇಟ್ಟು ಬೆಂಕಿಪೊಟ್ಟಣ ತೆರೆಯುತ್ತಿದ್ದರು. ಆ ಜ್ವರ ಬಂದು ಹೋದಾಗಿನಿಂದ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯದು ಎಂಬುದು ನಿನಗೆ ಗೊತ್ತೇ ಇದೆ. ನಾನು ಲೋಟ ಅಲ್ಲೇ ಬಿಟ್ಟು ಪೊಟ್ಟಣ ಕಿತ್ತುಕೊಂಡೆ. "ಏನೇ, ಹುಚ್ಚು ಹಿಡೀತಾ ನಿಂಗೆ?" ಎಂದು ಬೈದರು. ಬೈಯಲಿ, ಬೈಯಲು ಇದ್ದಾರಲ್ಲ ಎಂದುಕೊಂಡು ಶೆಡ್ಡಿನ ಬಾಗಿಲನ್ನು ಪೂರ್ತಿ ತೆರೆದೆ.

ಆಮೇಲೆ ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ಎತ್ತಿ ನೋಡಿದೆ. ಶಾಲೆಯ ಕೆಲಸಕ್ಕೆ ಹೋಗುವ ಮುಂಚೆ ನೀನು ಪೆಟ್ರೋಲಿನ ಹಳೆಯ ರಬ್ಬರ್ ಪೈಪು ಕಿತ್ತು ಗಾಜಿನಂಥ ಪೈಪು ಹಾಕಿದ್ದೆಯಲ್ಲ, "ಪೆಟ್ರೋಲ್ ಓಡೋದು ಕಣ್ಣಿಗೆ ಕಾಣ್ಬೇಕು ಕಣೇ" ಎಂದು ಜಂಬ ಬೇರೆ! ಮೂರೇ ತಿಂಗಳಲ್ಲಿ ಅದು ಹಳದಿಯಾಗಿ, ಕಡ್ಡಿಯಂತೆ ಸೆಟೆದು, ಕಾರ್ಬುರೇಟರಿನ ಮೂತಿಯ ಹತ್ತಿರ ಸೀಳಿತ್ತು. ಒಂದೊಂದೇ ಹನಿ ಊದಿಕೊಂಡು ಬೀಳುತ್ತಿತ್ತು. ಮೂರು ಬೆರಳು ಪಕ್ಕದಲ್ಲೇ ಬೆಂಕಿಯಂತೆ ಕಾಯುವ ಸೈಲೆನ್ಸರ್.

ಸೀಳಿದ ತುಂಡು ಹಿಡಿದು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯಾಕೆ ಅದನ್ನು ಎರಡು ಬೆರಳಲ್ಲಿ ಪಟಕ್ಕೆಂದು ಮುರಿದೇಬಿಟ್ಟರು. "ಇದು ನೀರಿನ ಪೈಪಮ್ಮ. ಪೆಟ್ರೋಲ್ ಇದರ ಜೀವ ಹೀರಿಬಿಡುತ್ತೆ. ಯಾರು ಹಾಕಿದ್ದು?" ಎಂದರು. ನಿನ್ನ ಮಾನ ಉಳಿಸಲು ಯಾರೋ ಅಂದೆ. ಪೆಟ್ರೋಲಿಗೆ ಎಂದು ಮೇಲೆಯೇ ಅಚ್ಚು ಹಾಕಿದ ಕಪ್ಪು ರಬ್ಬರ್ ಪೈಪು, ಎರಡು ಕ್ಲಿಪ್ಪು ಕೊಟ್ಟರು. ನೀನು ಹತ್ತಿರದ ದಾರಿ ಎಂದು ಸೈಲೆನ್ಸರಿನ ಪಕ್ಕದಲ್ಲೇ ಎಳೆದಿದ್ದೆ. ನಾನು ಟ್ಯಾಂಕಿನ ಆ ಕಡೆಯಿಂದ, ಫ್ಯಾನಿಗೂ ತಾಗದಂತೆ, ಎಲ್ಲೂ ಮಡಚದಂತೆ ಸುತ್ತುಬಳಸಿ ತಂದೆ. ಪೆಟ್ರೋಲು ತುಂಬಿಸಿ ಒಂದು ಗಂಟೆ ಬಿಟ್ಟು, ಒಣ ಬಟ್ಟೆಯಿಂದ ಒರೆಸಿ ಒರೆಸಿ ನೋಡಿದೆ. ಸ್ಟಾರ್ಟ್ ಮಾಡುವಾಗ ಅಪ್ಪನನ್ನು ಗೇಟಿನಾಚೆ ಕಳಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡಿದ್ದೆ. ಅಪ್ಪನಿಗೆ ನಗು. ಇವತ್ತೂ ಎಂಜಿನ್ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಒಳ್ಳೆಯದಾಗಲಿ ಎಂದೇ ಮಾಡಿದ್ದೆ. ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಅತ್ತಿಗೆಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ಇಂತಿ ನಿನ್ನ ತಂಗಿ,
ನೀನೇ ಹೆಸರಿಟ್ಟ ಪಿರಿಪಿರಿ

ಮತ್ತೆ: ಅಣ್ಣಾ, ಕವರು ಅಂಟಿಸುವ ಮುಂಚೆ, ಉಳಿದ ನೀರಿನ ಪೈಪನ್ನು ಎಸೆಯೋಣವೆಂದು ಗೂಟದಿಂದ ತೆಗೆದೆ. ನೀನು ತಂದಾಗ ನಾಲ್ಕು ಮೊಳ ಇತ್ತು, ಅಳೆದವಳು ನಾನೇ. ನಮ್ಮ ಟ್ರ್ಯಾಕ್ಟರಿಗೆ ಒಂದು ಮೊಳ ಹೋಯಿತು. ಈಗ ಇರುವುದು ಎರಡೇ. ಇನ್ನೊಂದು ಮೊಳ ನೀನು ತೆಗೆದುಕೊಂಡು ಹೋದ ಟ್ರ್ಯಾಕ್ಟರಿನಲ್ಲಿದೆ, ಅಲ್ವಾ? ಅತ್ತಿಗೆಗೆ ಬರುತ್ತಿರುವ ವಾಸನೆ ಅದೇ. ನಾವು ನಕ್ಕುಬಿಟ್ಟೆವಲ್ಲೋ! ಶಾಲೆಗೆ ಫೋನ್ ಮಾಡುತ್ತಲೇ ಇದ್ದೇನೆ, ಯಾರೂ ಎತ್ತುತ್ತಿಲ್ಲ. ಅದಕ್ಕೇ ಇದನ್ನು ಅಂಚೆಗೆ ಹಾಕದೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ಜೊತೆಗೆ ಈಗಷ್ಟೇ ಅಂಗಡಿಗೆ ಮತ್ತೆ ಓಡಿ ತಂದ ಒಂದೂವರೆ ಮೊಳ ಕಪ್ಪು ಪೈಪು, ಎರಡು ಕ್ಲಿಪ್ಪು. ಇದನ್ನು ಹಾಕುವವರೆಗೂ ಸ್ಟಾರ್ಟ್ ಮಾಡಬೇಡ. ಪುಟ್ಟಿಯನ್ನು ಅದರ ಹತ್ತಿರಕ್ಕೂ ಬಿಡಬೇಡ.