ಬಂದೈತಿ ಎಂಬ ಮಾತು

ಸಡಾ, ಗೋವಾ
೧೪ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ನಿನ್ನ ಕೆಮ್ಮು ಹೇಗಿದೆ? ಅವ್ವ ಮಾಡಿಕೊಟ್ಟ ಕಷಾಯ ಕುಡಿಯುತ್ತೀಯೋ, ಅವಳು ಆಚೆ ಹೋದ ಕೂಡಲೇ ಚೆಲ್ಲುತ್ತೀಯೋ? ನಾನು ಆರಾಮ ಇದ್ದೇನೆ. ಫೋನು ಮಾಡದೆ ಕಾಗದ ಬಂತೆಂದು ಗಾಬರಿಯಾಗಬೇಡ. ಇದು ಫೋನಿನಲ್ಲಿ ಹೇಳುವ ಸಂಗತಿಯಲ್ಲ. ಕಿವಿಯ ಮೇಲೆ ನನಗೀಗ ಮೊದಲಿನ ಭರವಸೆ ಉಳಿದಿಲ್ಲ. ಯಾಕೆಂದು ಓದಿದರೆ ತಿಳಿಯುತ್ತದೆ.

ನಮ್ಮ ಐಸ್ ಫ್ಯಾಕ್ಟರಿ ಸಮುದ್ರದ ಮಗ್ಗುಲಲ್ಲೇ ಇದೆಯಲ್ಲ, ಉಪ್ಪಿನ ಗಾಳಿ ಯಾವುದನ್ನೂ ಬಿಡುವುದಿಲ್ಲ. ಹಿಂದಿನ ಟ್ರಾನ್ಸ್‌ಫಾರ್ಮರ್ ಅಂಗಳದಲ್ಲಿ ತಂತಿ ಹೊತ್ತು ನಿಂತ ಪಿಂಗಾಣಿ ಬಟ್ಟಲುಗಳ ಮೇಲೂ ಉಪ್ಪು ಕೂಡುತ್ತದೆ. ಹಾಗೇ ಬಿಟ್ಟರೆ ಕರೆಂಟು ಆ ಉಪ್ಪಿನ ಮೇಲೆ ಹರಿದು ಒಂದು ದಿನ ಸಿಡಿಯುತ್ತದೆ. ಅದಕ್ಕೇ ಆಗಾಗ ಕರೆಂಟು ತೆಗೆದು ಒಂದೊಂದನ್ನೂ ಒರೆಸಬೇಕು. ಒರೆಸುವವರು ಹಾರೂನ ಮಾಮಾ, ನಮ್ಮ ಹಿರಿಯ ಎಲೆಕ್ಟ್ರಿಷಿಯನ್, ಗದಗಿನ ಕಡೆಯವರು. ಸ್ವಿಚ್ ಕೋಣೆಯಲ್ಲಿ ಕೂತು ಕರೆಂಟು ತೆಗೆಯುವುದು, ಹಾಕುವುದು ನನ್ನ ಕೆಲಸ. ನಡುವೆ ಗೋಡೆಯಿದೆ, ಮಾತೆಲ್ಲ ವಾಕಿಟಾಕಿಯಲ್ಲಿ.

ಹೋದ ಮಂಗಳವಾರ ಮಧ್ಯಾಹ್ನದೊಳಗೆ ಒರೆಸುವ ಕೆಲಸ ಮುಗಿಯಿತು. ಮಾಮಾ ಸ್ವಿಚ್ಚಿನ ಬೀಗ ತೆಗೆದುಕೊಟ್ಟು ಊಟಕ್ಕೆ ಹೋದರು. ಒಳಗೆ ಐಸು ಕರಗುತ್ತಿದೆ ಎಂದು ಎಲ್ಲರೂ ಅವಸರ ಮಾಡಿದರು, ನಾನು ಕರೆಂಟು ಹಾಕಿದೆ. ಹಾಕುವ ಮೊದಲು ಮಾಮಾಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅರ್ಧ ತಾಸಿನ ಮೇಲೆ ವಾಕಿಟಾಕಿಯಲ್ಲಿ ಅವರ ದನಿ. ಮೂಲೆಯ ಒಂದು ಬಟ್ಟಲು ಉಳಿದುಬಿಟ್ಟಿತ್ತಂತೆ. ನಾನಿನ್ನೂ ಕರೆಂಟು ಹಾಕಿಲ್ಲವೆಂದೇ ಅವರು ತಿಳಿದಿದ್ದರು. "ಹುಲಿಗೆವ್ವಾ, ಕರೆಂಟ್ ಬಂದ್ ಐತೇನು?" ಎಂದರು. ನನಗೆ ಕೇಳಿಸಿದ್ದು 'ಬಂದೈತೇನು'. "ಹೌದ್ರಿ ಮಾಮಾ, ಬಂದೈತಿ" ಎಂದೆ. ಅಪ್ಪಾ, ನಿನ್ನ ಬಾಯಲ್ಲೇ ಒಮ್ಮೆ ಅಂದು ನೋಡು. ಬಂದ್ ಐತಿ. ಬಂದೈತಿ. ಅವರು ಕೇಳಿದ್ದು ಕರೆಂಟು ನಿಂತಿದೆಯೇ ಎಂದು, ನಾನು ಹೇಳಿದ್ದು ಬಂದಿದೆ ಎಂದು. ಇಬ್ಬರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಹನ್ನೊಂದು ಸಾವಿರ ವೋಲ್ಟಿನ ತಂತಿ ಅವರ ತಲೆಯ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಮಾಮಾ ಬಾಗಿಲಲ್ಲಿ ಬಂದು ನಿಂತರು. ಮುಖ ಬಿಳಿಚಿತ್ತು, ಕೈಯಲ್ಲಿ ಕರೆಂಟು ಇದ್ದರೆ ಕೂಗುವ ಉದ್ದನೆಯ ಟೆಸ್ಟರ್ ಕೋಲಿತ್ತು. ಏಣಿ ಇಡುವ ಮೊದಲು ಅದನ್ನು ತಂತಿಯ ಹತ್ತಿರ ಎತ್ತಿದ್ದರು, ಅದು ಕಿರುಚಿಕೊಂಡಿತ್ತು.

"ಏನಂದಿ ನೀ?"

"ಬಂದೈತಿ ಅಂದ್ನಿ."

ಮಾಮಾ ಮೆಟ್ಟಿಲ ಮೇಲೆ ಕೂತರು. "ನಾನೂ ಅದನ್ನ ಕೇಳಿದ್ನಿ" ಎಂದರು. ಆಗ ನನಗೆ ಹೊಳೆಯಿತು. ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ. ಅವರು ಬೈಯಲಿಲ್ಲ. "ನನ್ನ ಮಾತು ನಂಬಲಿಲ್ಲೇನ್ರಿ?" ಎಂದು ಕೇಳಿದೆ.

"ನಂಬಿದ್ನೆವಾ. ಆದ್ರ ಕೈ ಹಾಕೂ ಮೊದಲ ಕೋಲು ಎತ್ತೂದು ಎತ್ತೂದ. ಇಪ್ಪತ್ತೆರಡು ವರ್ಷ ಆತು, ಕರೆಂಟ್ ಇಲ್ಲ ಅಂತ ನಾ ತಿಳದಾಗ ಅದು ಒಮ್ಮೆನೂ ಒದರಿದ್ದಿಲ್ಲ. ಇವತ್ತ ಒದರತು."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ ಅಪ್ಪಾ. ಇಪ್ಪತ್ತೆರಡು ವರ್ಷ, ಏನೂ ಇಲ್ಲವೆಂದು ಗೊತ್ತಿದ್ದೂ, ಒಬ್ಬ ಮನುಷ್ಯ ಪ್ರತಿ ಸಲ ಕೋಲು ಎತ್ತಿದ್ದಾನೆ. ನೋಡಿದವರು ನಕ್ಕಿದ್ದಾರೆ, ನಾನೂ ನಕ್ಕಿದ್ದೇನೆ. ಮರುದಿನ ಉಳಿದ ಬಟ್ಟಲಿಗಾಗಿ ಮತ್ತೆ ಕರೆಂಟು ತೆಗೆದು, ಅಂಗಳದಲ್ಲಿ ನಿಂತು ಆ ತಂತಿಯನ್ನೇ ನೋಡಿದೆ. ಕರೆಂಟು ಇದ್ದರೂ ಅದೇ ತಂತಿ, ಇಲ್ಲದಿದ್ದರೂ ಅದೇ. ಬಣ್ಣವಿಲ್ಲ, ವಾಸನೆಯಿಲ್ಲ. ಮಾಮಾ ಬಂದು ಎಂದಿನಂತೆ ಕೋಲು ಎತ್ತಿದರು. ನನಗೆ ಅರಿವಿಲ್ಲದೆ ನಾನು ಚಪ್ಪಲಿ ಬಿಟ್ಟು ನಿಂತಿದ್ದೆ. "ಚಪ್ಪಲ್ ಮೆಟ್ಟು ಮೊದಲ, ಕರೆಂಟಿನ ಜಾಗಾ ಇದು" ಎಂದು ಗದರಿದರು.

ಎಂಜಿನಿಯರ್ ಮೇಡಮ್ ಬೋರ್ಡು ಬರೆಸಿದ್ದಾರೆ: 'ಬಂದ್' ಎಂಬ ಮಾತು ಇಲ್ಲಿ ಆಡಕೂಡದು. 'ಚಾಲೂ' ಅಥವಾ 'ಆಫ್' ಎನ್ನಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಕೊಂಕಣಿ, ಹಿಂದಿ, ಕನ್ನಡ ಮೂರರಲ್ಲೂ ಇದೆ. ಕನ್ನಡದ್ದು ನನ್ನ ಅಕ್ಷರ.

ಅವ್ವನಿಗೆ ಓದಿ ಹೇಳುವಾಗ ಮಾಮಾ ಬದುಕಿದ್ದಾರೆಂದು ಮೊದಲೇ ಹೇಳಿಬಿಡು, ಇಲ್ಲದಿದ್ದರೆ ನಡುವೆಯೇ ಅಳುತ್ತಾಳೆ. ಇಬ್ಬರ ಪಾದಕ್ಕೂ ನಮಸ್ಕಾರ.

ನಿನ್ನ ಮಗಳು
ಹುಲಿಗೆವ್ವ

ತಾ.ಕ.: ಬರೆಯಲು ಕೂತದ್ದೇ ಇದಕ್ಕೆ. ಓಣಿಯ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದಾಗೆಲ್ಲ, ಯಾರೋ ಫೋನಿನಲ್ಲಿ "ಲೈನ್ ತಗದಾರ" ಎಂದ ಕೂಡಲೇ ನೀನೇ ಕಂಬ ಏರುತ್ತೀಯೆಂದು ಅವ್ವ ಹೇಳಿದಳು. ಇನ್ನು ಏರಬೇಡ ಅಪ್ಪಾ. ಲೈನ್‌ಮನ್ ಬರುವುದಕ್ಕೆ ಎರಡು ದಿನ ಹಿಡಿದರೂ ಹಿಡಿಯಲಿ. ಓಣಿಯವರು ಒತ್ತಾಯ ಮಾಡಿದರೆ ನಾಚಿಕೊಳ್ಳಬೇಡ, ಮಗಳು ಬ್ಯಾಡ ಅಂದಾಳ ಅನ್ನು.